ನೆನಪು ಹೇಳುವುದು, ಹಾಳೆ ಹೇಳುವುದು

ಧಾರೆ ಮುಗಿಯುವ ಹೊತ್ತಿಗೆ ಮದುವೆ ಮಂಟಪದ ಪಕ್ಕದಲ್ಲಿ ಒಂದು ಮೇಜು, ಎರಡು ಕುರ್ಚಿ ಬಂದಿರುತ್ತವೆ. ಒಬ್ಬರು ಹಣ ಎಣಿಸಿ ಡಬ್ಬಕ್ಕೆ ಹಾಕುತ್ತಾರೆ, ಇನ್ನೊಬ್ಬರು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹೆಸರು, ಊರು, ಎಷ್ಟು. ಒಂದೇ ಊರಿನಲ್ಲಿ ನಾಲ್ವರು ಸಿದ್ದೇಗೌಡರಿದ್ದರೆ ಯಾರ ಮಗ, ಯಾವ ಬೀದಿ ಎಂಬುದೂ ಸೇರುತ್ತದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಇದು ಮುಯ್ಯಿ ಪುಸ್ತಕ. ಉತ್ತರ ಕರ್ನಾಟಕದಲ್ಲಿ ಆಯೇರಿ ಬರೆಯುವುದು ಅನ್ನುತ್ತಾರೆ. ಮದುವೆ ಮುಗಿದ ಮೇಲೆ ಪುಸ್ತಕ ಟ್ರಂಕು ಸೇರುತ್ತದೆ, ಜಮೀನಿನ ಪತ್ರ, ಜಾತಕಗಳ ಜೊತೆಗೆ.

ಹತ್ತು ವರ್ಷ ಕಳೆದು ಆ ನಾಲ್ವರಲ್ಲಿ ಒಬ್ಬರ ಮನೆಯಿಂದ ಲಗ್ನಪತ್ರಿಕೆ ಬಂದಾಗ ಟ್ರಂಕು ತೆಗೆಯಬೇಕಾಗುತ್ತದೆ. ಐನೂರು ಹಾಕಿದ್ದರು ಅಂತ ಯಜಮಾನರು, ಇಲ್ಲ ಇನ್ನೂರೇ ಇರಬೇಕು ಅಂತ ಮನೆಯಾಕೆ. ಇಬ್ಬರಿಗೂ ತಮ್ಮ ನೆನಪಿನ ಮೇಲೆ ಪೂರ್ತಿ ನಂಬಿಕೆ. ಪುಸ್ತಕ ಬಿಚ್ಚಿದರೆ ಅಲ್ಲಿರುವುದು ಸಾವಿರದ ಒಂದು, ಜೊತೆಗೆ ಒಂದು ಹಿತ್ತಾಳೆ ಕೊಡ.

ಪ್ರೀತಿಯಿಂದ ಕೊಟ್ಟದ್ದಕ್ಕೆ ಲೆಕ್ಕ ಇಡುವುದೇ ಎಂದು ಇದನ್ನು ಕಂಡು ಬೇಸರಪಡುವವರಿದ್ದಾರೆ. ಆದರೆ ಆ ಪುಸ್ತಕ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬೇಕು. ಸಾವಿರ ಮತ್ತು ಕೊಡ ಕೊಟ್ಟ ಮನೆಗೆ ಇನ್ನೂರು ರೂಪಾಯಿ ಹೋಗುತ್ತಿತ್ತು. ಅವರು ಏನೂ ಹೇಳುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಬರುವುದನ್ನು ಮಾತ್ರ ನಿಲ್ಲಿಸುತ್ತಿದ್ದರು. ಬರೆದಿಡುವುದೆಂದರೆ ಎದುರಿನವರನ್ನು ನಂಬದಿರುವುದಲ್ಲ. ನಂಬಬಾರದ್ದು ನಮ್ಮದೇ ನೆನಪನ್ನು.

ಈ ಅಪನಂಬಿಕೆಗೆ ಕಾರಣವಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿದು ಏಳು ಜನ ತೀರಿಕೊಂಡರು. ಮರುದಿನ ಬೆಳಗ್ಗೆಯೇ ಎಮೊರಿ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಉಲ್ರಿಕ್ ನೈಸರ್ ತರಗತಿಯ ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಕೊಡಿಸಿದರು. ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಆಗ ಏನು ಮಾಡುತ್ತಿದ್ದಿರಿ? ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಹುಡುಕಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. 11 ಜನರ ಉತ್ತರದಲ್ಲಿ ಒಂದು ಮುಖ್ಯ ಸಂಗತಿಯೂ ಮೊದಲು ಬರೆದದ್ದಕ್ಕೆ ತಾಳೆಯಾಗಲಿಲ್ಲ. ಸ್ಥಳ ಬೇರೆ, ಜೊತೆಗಿದ್ದವರು ಬೇರೆ, ಸುದ್ದಿ ಮುಟ್ಟಿದ ಬಗೆ ಬೇರೆ. ಹಾಗಿದ್ದೂ ಒಟ್ಟಾರೆ ವಿದ್ಯಾರ್ಥಿಗಳಿಗೆ ತಮ್ಮ ಈಗಿನ ಉತ್ತರಗಳ ಮೇಲೆ ಭಾರೀ ಭರವಸೆ ಇತ್ತು. ಕೊನೆಗೆ ಅವರವರ ಹಳೆಯ ಹಾಳೆಗಳನ್ನೇ ಮುಂದಿಟ್ಟರೂ ನೆನಪು ಜಗ್ಗಲಿಲ್ಲ. ಅಕ್ಷರ ತನ್ನದೇ ಎಂದು ಒಪ್ಪಿಕೊಂಡೂ, ನಡೆದದ್ದು ಹೀಗಲ್ಲ ಎಂದು ಹೇಳಿದವರು ಇದ್ದರು.

ಮರೆಯುವುದು ಒಂದು ತೊಂದರೆ. ಮರೆತದ್ದು ಗೊತ್ತಾಗದಂತೆ ನೆನಪು ಆ ಜಾಗದಲ್ಲಿ ಬೇರೇನನ್ನೋ ತುಂಬಿಡುವುದು ಅದಕ್ಕಿಂತ ದೊಡ್ಡ ತೊಂದರೆ. ಮರೆತಿದ್ದೇವೆ ಎಂದು ತಿಳಿದರೆ ಯಾರನ್ನಾದರೂ ಕೇಳುತ್ತೇವೆ. ತುಂಬಿಕೊಂಡದ್ದು ನಿಜವೆಂದೇ ತೋರುವಾಗ ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಅಣ್ಣತಮ್ಮಂದಿರ ನಡುವೆ, ಬಾಡಿಗೆದಾರ ಮಾಲೀಕರ ನಡುವೆ, ಮನೆ ಕಟ್ಟಿಸುವವರು ಮೇಸ್ತ್ರಿಯ ನಡುವೆ ಏಳುವ ಎಷ್ಟೋ ಜಗಳಗಳಲ್ಲಿ ಯಾರೂ ಬೇಕೆಂದು ಸುಳ್ಳು ಹೇಳುತ್ತಿರುವುದಿಲ್ಲ. ಇಬ್ಬರೂ ತಮ್ಮ ತಮ್ಮ ನೆನಪನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ಅಡ್ವಾನ್ಸ್ ಕೊಟ್ಟ ದಿನ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿದ್ದರೆ ಮುಗಿಯುತ್ತಿದ್ದ ಮಾತು ಠಾಣೆಯ ತನಕ ಹೋಗುತ್ತದೆ.

ಕಾನೂನು ಈ ವಿಷಯವನ್ನು ಬಹಳ ಹಿಂದೆಯೇ ಅರಿತಿದೆ. ಸಾಕ್ಷಿಕಟ್ಟೆಯಲ್ಲಿ ನಿಂತವರು, ಘಟನೆ ನಡೆದಾಗಲೋ ಅದರ ಬೆನ್ನಿಗೋ ತಾವು ಬರೆದಿಟ್ಟುಕೊಂಡದ್ದನ್ನು ನೋಡಿ ನೆನಪು ಮಾಡಿಕೊಳ್ಳಲು 1872ರ ಸಾಕ್ಷ್ಯ ಕಾಯ್ದೆ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ‘ಬೆನ್ನಿಗೇ’ ಎಂಬ ಮಾತೇ ಇಲ್ಲಿ ಮುಖ್ಯ. ವರ್ಷ ಬಿಟ್ಟು ಬರೆದದ್ದಕ್ಕೆ ಆ ಬೆಲೆ ಇಲ್ಲ. ತಪ್ಪದೆ ಬರೆಯುತ್ತ ಬಂದ ಅಂಗಡಿಯ ಲೆಕ್ಕದ ಪುಸ್ತಕವನ್ನೂ ನ್ಯಾಯಾಲಯ ಪರಿಗಣಿಸುತ್ತದೆ, ಆದರೆ ಅದೊಂದನ್ನೇ ಹಿಡಿದು ಯಾರ ಮೇಲೂ ಸಾಲ ಹೊರಿಸುವುದಿಲ್ಲ. ಕೈಸಾಲ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವು ತೀರುವ ಮುಂಚೆ ಸಾಲಗಾರ ‘ಇಷ್ಟು ಕೊಡಬೇಕಾದ್ದು ಇದೆ’ ಎಂದು ಬರೆದು ಸಹಿ ಹಾಕಿಕೊಟ್ಟರೆ ಅಲ್ಲಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಉದ್ರಿ ಕೊಡುವ ಕಿರಾಣಿ ಅಂಗಡಿಯವರು ವರ್ಷಕ್ಕೊಮ್ಮೆ ಬಾಕಿಯ ಕೆಳಗೆ ಗಿರಾಕಿಯ ಸಹಿ ಹಾಕಿಸಿಕೊಂಡರೆ ಅದು ಬರಿಯ ಶಿಸ್ತಲ್ಲ, ಹಕ್ಕನ್ನು ಕಾಯುವ ಕೆಲಸ.

ಕನ್ನಡ ನಾಡಿನಲ್ಲಿ ದಿನದಿನದ ಬರವಣಿಗೆಗೆ ಕಾಗದ ಬರುವ ಮೊದಲೂ ಒಂದು ಗಟ್ಟಿ ಸಾಧನವಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಕಪ್ಪು ಹಲಗೆಯಂಥ ಆ ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಶಾನುಭೋಗರು, ವರ್ತಕರು, ಮಠಗಳ ಲೆಕ್ಕಿಗರು ಇದನ್ನೇ ಬಳಸುತ್ತಿದ್ದರು. ಹೆಸರು ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದ್ದು, ಇತಿಹಾಸಕಾರ ಎ.ಕೆ. ಶಾಸ್ತ್ರಿ ಅವುಗಳನ್ನು ಓದಿ ಬೆಳಕಿಗೆ ತಂದಿದ್ದಾರೆ. ಒರೆಸಿದರೆ ಅಳಿಸಿಹೋಗುವ ಬಳಪದ ಗೆರೆಗಳು ನೂರಾರು ವರ್ಷ ಉಳಿದು, ಆ ಕಾಲದ ಜನ ಹೇಗೆ ಬದುಕುತ್ತಿದ್ದರು ಎಂದು ಇವತ್ತು ಹೇಳುತ್ತಿವೆ. ಸರ್ಕಾರಿ ಕಚೇರಿಯಲ್ಲಿ ‘ಕಡತ ಮೇಲೆ ಹೋಗಿದೆ’ ಎಂಬ ಮಾತು ಕೇಳುವಾಗ ಈ ಕಪ್ಪು ಬಟ್ಟೆ ನೆನಪಾದರೆ ಚೆನ್ನ.

ಇನ್ನೂ ಹಿಂದಕ್ಕೆ ಹೋದರೂ ಕಥೆ ಇದೇ. ಕನ್ನಡದ ಅತಿ ಹಳೆಯ ಬರಹಗಳಲ್ಲೊಂದಾದ ಹಲ್ಮಿಡಿ ಶಾಸನ ಕೊಡುಗೆಯೊಂದನ್ನು ದಾಖಲಿಸಿದ ಕಲ್ಲು. ಐದು ಸಾವಿರ ವರ್ಷಗಳಿಗೂ ಹಿಂದೆ ಸುಮೇರಿನ ಉರುಕ್ ನಗರದಲ್ಲಿ ಹಸಿ ಮಣ್ಣಿನ ಹಲಗೆಗಳ ಮೇಲೆ ಜನ ಬರೆಯತೊಡಗಿದಾಗ ಹೆಚ್ಚಿನಂಶ ಬರೆದದ್ದು ಧಾನ್ಯ, ಕುರಿ, ಮದ್ಯದ ಲೆಕ್ಕ. ಕಾವ್ಯ ಬಂದದ್ದು ಆಮೇಲೆ.

ಹಾಗೆಂದು ಬರೆಯುವುದರ ಲಾಭ ಲೆಕ್ಕದಲ್ಲಿ ಮಾತ್ರ ಇಲ್ಲ. ರಾತ್ರಿ ಹಾಸಿಗೆಗೆ ತಲೆ ಕೊಟ್ಟ ಕೂಡಲೇ ನಾಳೆಯ ಕೆಲಸಗಳು ಒಂದರ ಹಿಂದೊಂದು ಎದ್ದು ಬರುವುದು ಯಾರಿಗೆ ಗೊತ್ತಿಲ್ಲ? ಶಾಲೆಯ ಫೀಸು, ಗ್ಯಾಸ್ ಬುಕಿಂಗ್, ಅತ್ತೆಯವರ ಕಣ್ಣಿನ ಡಾಕ್ಟರು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಜನರನ್ನು ನಿದ್ರೆಯ ಪ್ರಯೋಗಾಲಯದಲ್ಲಿ ಮಲಗಿಸಿ ಇದನ್ನೇ ಪರೀಕ್ಷಿಸಿದರು. ಮಲಗುವ ಮುನ್ನ ಐದು ನಿಮಿಷ ಅರ್ಧದಷ್ಟು ಜನ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸ ಬರೆದರು, ಉಳಿದವರು ಆಗಲೇ ಮುಗಿಸಿದ ಕೆಲಸ ಬರೆದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲಿನವರು ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ವಿವರವಾಗಿತ್ತೋ ನಿದ್ದೆ ಅಷ್ಟು ಬೇಗ ಹತ್ತಿತು. ಬಾಕಿ ಉಳಿದ ಕೆಲಸವನ್ನು ಮನಸ್ಸು ಬಿಡುವುದಿಲ್ಲ, ಪದೇಪದೇ ಮುಂದೆ ತಂದು ನಿಲ್ಲಿಸುತ್ತದೆ ಎಂದು 1927ರಲ್ಲೇ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಗುರುತಿಸಿದ್ದರು. ಅದು ಒಂದು ಹಾಳೆಯ ಮೇಲೆ ಇಳಿದಿದೆ, ಬೆಳಗ್ಗೆ ಅಲ್ಲಿಯೇ ಇರುತ್ತದೆ ಎಂದು ಖಾತ್ರಿಯಾದರೆ ಮನಸ್ಸು ಕಾವಲು ಬಿಡುತ್ತದೆ.

ಮನಸ್ಸಿನ ನೋವನ್ನು ಬರೆಯುವುದೂ ಇದರ ಪಕ್ಕದ ಸಂಗತಿ. ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ತಮ್ಮ ಬದುಕಿನ ಕಹಿ ಅನುಭವದ ಬಗ್ಗೆ ಬರೆದ ಕಾಲೇಜು ವಿದ್ಯಾರ್ಥಿಗಳು ಮುಂದಿನ ಆರು ತಿಂಗಳು ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಯಿತು ಎಂದು ಜೇಮ್ಸ್ ಪೆನೆಬೇಕರ್ 1986ರಲ್ಲಿ ತೋರಿಸಿದರು. ಆಮೇಲೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ಇದೆ, ಆದರೆ ಸಣ್ಣದು ಎಂದು ಕಂಡುಬಂತು. ಬರೆದ ಕೂಡಲೇ ಮನಸ್ಸು ಹಗುರಾಗುವುದಿಲ್ಲ, ಆ ಹೊತ್ತಿಗೆ ಇನ್ನಷ್ಟು ಭಾರವೇ ಆಗಬಹುದು. ಗಾಯ ತೀರ ಹಸಿಯಾಗಿರುವಾಗ ಪೆನ್ನಿಗಿಂತ ಪಕ್ಕದಲ್ಲೊಬ್ಬರು ಕೂರುವುದು ಹೆಚ್ಚು ಬೇಕು.

ಬರೆಯದಿದ್ದರೆ ನೇರವಾಗಿ ನಷ್ಟವಾಗುವ ಜಾಗ ಆಸ್ಪತ್ರೆ. ವೈದ್ಯರು ಹೇಳಿದ ಮಾತಿನಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೇಳಿದ ಕೂಡಲೇ ಮರೆಯುತ್ತಾರೆ, ನೆನಪಿದೆ ಅಂದುಕೊಂಡದ್ದರಲ್ಲೂ ಹೆಚ್ಚುಕಡಿಮೆ ಅರ್ಧ ತಪ್ಪಾಗಿರುತ್ತದೆ ಎಂದು ನೆದರ್ಲೆಂಡ್ಸ್‌ನ ರಾಯ್ ಕೆಸೆಲ್ಸ್ 2003ರ ಒಂದು ಪರಾಮರ್ಶೆಯಲ್ಲಿ ಬರೆದಿದ್ದಾರೆ. ವಯಸ್ಸಾದಷ್ಟೂ, ಗಾಬರಿ ಇದ್ದಷ್ಟೂ ಮರೆವು ಹೆಚ್ಚು. ಗಾಬರಿಯಲ್ಲಿದ್ದವರಿಗೆ ಕಾಯಿಲೆಯ ಹೆಸರು ಕಿವಿಗೆ ಬಿದ್ದ ಮೇಲೆ ಮಾತ್ರೆ ಊಟಕ್ಕೆ ಮುಂಚೆಯೋ ನಂತರವೋ ಎಂಬುದು ತಲೆಗೆ ಹೋಗುವುದಿಲ್ಲ. ನಮ್ಮ ಕಡೆ ಹಿರಿಯರನ್ನು ಕರೆದುಕೊಂಡು ಹೋಗುವ ಮಗಳೋ ಸೊಸೆಯೋ ಒಂದು ಸಣ್ಣ ಪುಸ್ತಕ ಇಟ್ಟುಕೊಂಡರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ಒಳಗೆ ಹೋಗುವ ಮುಂಚೆ ಕೇಳಬೇಕಾದ ಮೂರು ಪ್ರಶ್ನೆ, ಮನೆಯಲ್ಲಿ ನೋಡಿದ ಬಿಪಿ ಶುಗರ್ ದಿನಾಂಕದ ಸಮೇತ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು. ‘ಅದೇ ಬಿಳಿ ಗುಂಡಗಿನ ಮಾತ್ರೆ’ ಎಂದರೆ ಯಾವ ವೈದ್ಯರಿಗೂ ತಿಳಿಯುವುದಿಲ್ಲ. ಬಸುರಿಯರಿಗೆ ಕೊಡುವ ತಾಯಿ ಕಾರ್ಡ್ ಇದೇ ಕೆಲಸ ಮಾಡುತ್ತದೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮಗುವಿನ ಚುಚ್ಚುಮದ್ದು ಎಲ್ಲ ಒಂದೇ ಕಡೆ ಇರುವುದರಿಂದ, ತವರಿಗೆ ಹೋದಾಗ ಅಲ್ಲಿನ ನರ್ಸ್ ಮೊದಲಿನಿಂದ ಕೇಳುತ್ತ ಕೂರಬೇಕಿಲ್ಲ.

ಗೊತ್ತಿಲ್ಲದವರು ಮಾತ್ರ ಬರೆದುಕೊಳ್ಳಬೇಕು ಎಂಬ ತಿಳಿವಳಿಕೆಯೂ ತಪ್ಪು. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಪರೀಕ್ಷಾ ಹಾರಾಟಕ್ಕೆ ಏರಿ, ಸ್ವಲ್ಪ ಹೊತ್ತಿಗೇ ನೆಲಕ್ಕೆ ಬಿತ್ತು. ನಡೆಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ನುರಿತ ಪೈಲಟ್. ಯಂತ್ರದಲ್ಲಿ ದೋಷವಿರಲಿಲ್ಲ. ವಿಮಾನ ನಿಂತಿರುವಾಗ ಗಾಳಿಗೆ ಅಲ್ಲಾಡದಿರಲೆಂದು ಅದರ ರೆಕ್ಕೆ ಬಾಲದ ಫಲಕಗಳಿಗೆ ಹಾಕಿದ್ದ ಬೀಗ ತೆಗೆಯುವುದು ಮರೆತುಹೋಗಿತ್ತು. ಹಿಲ್ ಸೇರಿ ಇಬ್ಬರು ಸತ್ತರು. ಆಮೇಲೆ ಪೈಲಟ್‌ಗಳು ಹುಡುಕಿದ ಪರಿಹಾರ ಹೆಚ್ಚಿನ ತರಬೇತಿಯಲ್ಲ, ಒಂದು ಚೀಟಿ. ಹೊರಡುವ ಮುನ್ನ, ಏರುವ ಮುನ್ನ, ಇಳಿಯುವ ಮುನ್ನ ನೋಡಬೇಕಾದ್ದರ ಪಟ್ಟಿ. ಅದೇ ವಿಮಾನದಿಂದ ಬೆಳೆದ ಬಿ-17 ಮಾದರಿಯವು ಮುಂದೆ ಹನ್ನೆರಡು ಸಾವಿರಕ್ಕೂ ಹೆಚ್ಚು ತಯಾರಾದವು.

ಆಪರೇಷನ್ ಥಿಯೇಟರಿಗೆ ಈ ಚೀಟಿ ಬರಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಶಸ್ತ್ರವೈದ್ಯ ಅತುಲ್ ಗವಾಂಡೆ ಮತ್ತು ಅವರ ತಂಡ ರೂಪಿಸಿದ 19 ಅಂಶಗಳ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಲಾಯಿತು. ರೋಗಿಯ ಹೆಸರು ಇದೇ ತಾನೆ, ಕೊಯ್ಯಬೇಕಾದ ಜಾಗ ಇದೇ ತಾನೆ, ಆ್ಯಂಟಿಬಯೋಟಿಕ್ ಕೊಟ್ಟಾಯಿತೆ, ರೋಗಿಯನ್ನು ಹೊರಗೆ ಕಳಿಸುವ ಮುನ್ನ ಬಟ್ಟೆ, ಸೂಜಿಗಳ ಎಣಿಕೆ ಸರಿಯಿದೆಯೆ? ಕೇಳಿದರೆ ಎಲ್ಲವೂ ಯಾರಿಗಾದರೂ ಗೊತ್ತಿರುವ ಮಾತೇ. 2009ರಲ್ಲಿ ಹೊರಬಂದ ವರದಿಯಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದಿದ್ದವು. ಇಪ್ಪತ್ತು ವರ್ಷ ಚಾಕು ಹಿಡಿದ ಕೈಗೂ ಒಂದು ಹಾಳೆಯಿಂದ ನೆರವಾಗುತ್ತದೆ ಎಂದಾದರೆ, ಊರಿಗೆ ಹೊರಡುವ ಮುಂಚೆ ಗ್ಯಾಸ್, ನಲ್ಲಿ, ಹಿತ್ತಿಲ ಬಾಗಿಲು ಎಂದು ಬಾಗಿಲ ಹಿಂದೆ ಅಂಟಿಸಿಕೊಳ್ಳಲು ಯಾರೂ ಸಂಕೋಚಪಡಬೇಕಿಲ್ಲ.

ಮಲೆನಾಡು, ಕೊಡಗು, ಕರಾವಳಿಯ ಕೃಷಿಕರಲ್ಲಿ ಇನ್ನೊಂದು ಬಗೆಯ ಬರವಣಿಗೆ ಇದೆ. ತೋಟದ ಅಂಗಳದಲ್ಲಿ ಒಂದು ಮಳೆಮಾಪಕ. ಬೆಳಗ್ಗೆ ಅದನ್ನು ನೋಡಿ ಪುಸ್ತಕದಲ್ಲಿ ಒಂದು ಸಂಖ್ಯೆ. ಕಾಫಿ ತೋಟದವರು ಇವತ್ತಿಗೂ ಇಂಚು, ಸೆಂಟಿನಲ್ಲೇ ಮಾತಾಡುತ್ತಾರೆ. ಮಾರ್ಚಿನಲ್ಲಿ ಹೂಮಳೆ ಒಂದು ಇಂಚು ಬಿತ್ತೋ ಬರೀ ಇಪ್ಪತ್ತು ಸೆಂಟು ಬಿತ್ತೋ ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವಾಗ ‘ಸುಮಾರಾಗಿ ಬಂತು’ ಎಂಬ ಮಾತು ಸಾಲದು. ಸುಳ್ಯ, ಪುತ್ತೂರು ಕಡೆ ದಶಕಗಳಿಂದ ಒಂದು ದಿನವೂ ಬಿಡದೆ ಬರೆಯುತ್ತ ಬಂದ ಅಡಿಕೆ ಬೆಳೆಗಾರರಿದ್ದಾರೆ. ‘ನಮ್ಮ ಕಾಲದಲ್ಲಿ ಮಳೆ ಹೀಗಿರಲಿಲ್ಲ’ ಎಂಬುದು ಎಲ್ಲ ಕಾಲದ ಹಿರಿಯರೂ ಹೇಳಿದ ಮಾತು. ಅದು ಎಷ್ಟು ನಿಜ, ಯಾವ ತಿಂಗಳಲ್ಲಿ ನಿಜ ಎಂದು ತೋರಿಸಬಲ್ಲವರು ಇವರು ಮಾತ್ರ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ಕಾಂಕರ್ಡ್ ಊರಿನ ಸುತ್ತ ಯಾವ ಗಿಡ ಯಾವ ದಿನ ಹೂಬಿಟ್ಟಿತು ಎಂದು ಬರೆದಿಟ್ಟಿದ್ದ. ನೂರೈವತ್ತು ವರ್ಷದ ಮೇಲೆ ವಿಜ್ಞಾನಿಗಳು ಆ ಪಟ್ಟಿ ಹಿಡಿದು ಅದೇ ಕಾಡು ಸುತ್ತಿದಾಗ, 43 ಜಾತಿಯ ಗಿಡಗಳು ಸರಾಸರಿ ಒಂದು ವಾರ ಮೊದಲೇ ಹೂಬಿಡುತ್ತಿದ್ದವು. ಹವಾಮಾನ ಬದಲಾವಣೆ ಎಂಬ ಶಬ್ದ ಹುಟ್ಟುವ ಮೊದಲೇ ಅದಕ್ಕೆ ಸಾಕ್ಷಿ ಬರೆಯಲ್ಪಟ್ಟಿತ್ತು, ಬರೆದವನಿಗೇ ತಿಳಿಯದಂತೆ.

ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಇದೇ ನೆಲದ ಬೆಳೆ. ಶ್ರೀ ಪಡ್ರೆ ಮತ್ತು ಗೆಳೆಯರು ‘ಕೃಷಿಕರ ಕೈಗೆ ಲೇಖನಿ’ ಎಂದು ಕಮ್ಮಟಗಳನ್ನೇ ನಡೆಸಿದರು. ಗೊಬ್ಬರ ಎಷ್ಟು ಹಾಕಿದೆ, ಎಷ್ಟು ಖರ್ಚಾಯಿತು, ಎಲ್ಲಿ ಸೋತೆ ಎಂದು ತೋಟದವರೇ ಬರೆಯಬೇಕು ಎಂಬುದು ಅವರ ಹಟ. ಸೋತದ್ದನ್ನು ಬರೆದಿಡುವುದು ಬಹಳ ಕಷ್ಟ, ಬಹಳ ಉಪಯೋಗ. ಚಾರ್ಲ್ಸ್ ಡಾರ್ವಿನ್ ಈ ವಿಷಯದಲ್ಲಿ ಒಂದು ನಿಯಮವನ್ನೇ ಪಾಲಿಸುತ್ತಿದ್ದ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ಅದನ್ನು ತಕ್ಷಣ, ತಪ್ಪದೆ ಬರೆದುಕೊಳ್ಳುವುದು. ತನಗೆ ಅನುಕೂಲವಾದದ್ದಕ್ಕಿಂತ ಇಂಥದ್ದೇ ಬೇಗ ಮರೆತುಹೋಗುತ್ತದೆ ಎಂದು ಆತ ಅನುಭವದಿಂದ ಕಂಡುಕೊಂಡಿದ್ದ.

ಹೆಂಗಸರ ಸ್ವಸಹಾಯ ಸಂಘಗಳಿಗೆ ‘ಪಂಚಸೂತ್ರ’ ಎಂಬ ಐದು ನಿಯಮಗಳಿವೆ. ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೆ ಸಾಲ, ಹೊತ್ತಿಗೆ ಮರುಪಾವತಿ. ಐದನೆಯದು ಪುಸ್ತಕ ಬರೆಯುವುದು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಹೊರಟಾಗ ಆ ಹೆಂಗಸರ ಬಳಿ ಅಡವಿಡಲು ಒಡವೆ, ಜಮೀನು ಏನೂ ಇರಲಿಲ್ಲ. ಹಾಜರಿ, ನಡಾವಳಿ, ಉಳಿತಾಯದ ಲೆಕ್ಕದ ಪುಸ್ತಕಗಳೇ ಅವರ ಆಸ್ತಿ. ಸಂಜೀವಿನಿ ಯೋಜನೆಯ ಒಕ್ಕೂಟಗಳಲ್ಲಿ ಇವತ್ತು ಇದಕ್ಕೆಂದೇ ಮುಖ್ಯ ಪುಸ್ತಕ ಬರಹಗಾರರು, ಊರಿನ ಬಾಯಲ್ಲಿ ‘ಎಂಬಿಕೆ’, ಇದ್ದಾರೆ.

ಪೆನ್ನೋ ಮೊಬೈಲೋ ಎಂಬ ಚರ್ಚೆ ಈಚೆಗೆ ಜೋರಾಗಿದೆ. ಕೈಯಲ್ಲಿ ಟಿಪ್ಪಣಿ ಬರೆದ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪಿನಲ್ಲಿ ಬರೆದವರಿಗಿಂತ ಪಾಠ ಹೆಚ್ಚು ಅರ್ಥವಾಗುತ್ತದೆ ಎಂದು 2014ರ ಒಂದು ಪ್ರಯೋಗ ಹೇಳಿತು. ಅದನ್ನು ಮತ್ತೆ ಮಾಡಿ ನೋಡಿದವರಿಗೆ ಅಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಎರಡರಲ್ಲಿ ಯಾವುದಾದರೂ ಆಗಬಹುದು, ಬೇಕಾದಾಗ ಸಿಕ್ಕಿದರೆ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಬರದ ದಿನಕ್ಕೆ ಸುತ್ತು ಹಾಕುವವರು, ಸಿಲಿಂಡರ್ ಹಾಕಿದ ತಾರೀಖು ಗುರುತು ಮಾಡುವವರು ಮೇಲಿನ ಯಾವ ಅಧ್ಯಯನವನ್ನೂ ಓದದೆ ಅದರ ಸಾರವನ್ನೆಲ್ಲ ಅಳವಡಿಸಿಕೊಂಡಿದ್ದಾರೆ: ಆಗಿಂದಾಗಲೇ, ದಿನಾಂಕದ ಜೊತೆ, ಕಣ್ಣಿಗೆ ಬೀಳುವ ಕಡೆ.

ಆದರೆ ಬಹಳ ಮನೆಗಳಲ್ಲಿ ಬರೆಯದೆ ಉಳಿದಿರುವ ಒಂದು ಹಾಳೆ ಇದೆ. 2024ರ ಮಾರ್ಚ್ ಅಂತ್ಯಕ್ಕೆ ಭಾರತದ ಬ್ಯಾಂಕುಗಳಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಸೇರಿದ್ದ, ಹತ್ತು ವರ್ಷ ಯಾರೂ ಕೇಳದ ಠೇವಣಿಯ ಮೊತ್ತ ₹78,213 ಕೋಟಿ. ಇದರಲ್ಲಿ ತೀರಿಕೊಂಡ ತಂದೆಯೋ ಅಜ್ಜಿಯೋ ಇಟ್ಟದ್ದು, ಮನೆಯಲ್ಲಿ ಉಳಿದವರಿಗೆ ಗೊತ್ತೇ ಇಲ್ಲದ್ದು ಇರುತ್ತದೆ. ಅಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ‘ಉದ್ಗಮ್’ ಎಂಬ ಜಾಲತಾಣ ತೆರೆದಿದೆ. ಹಣ ವಾರಸುದಾರರಿಗೆ ಸಿಗುತ್ತದೆ, ಆದರೆ ಯಾವ ಬ್ಯಾಂಕು ಎಂದು ಹುಡುಕುವುದರಿಂದ ಶುರುಮಾಡಬೇಕು. ಆ ಓಡಾಟ ತಪ್ಪಿಸಲು ಬೇಕಾದ್ದು ಒಂದು ಪುಟ: ಬ್ಯಾಂಕು, ಶಾಖೆ, ಖಾತೆಯ ಸಂಖ್ಯೆ, ನಾಮಿನಿ ಯಾರು; ಎಲ್‌ಐಸಿ ಪಾಲಿಸಿ, ಅಂಚೆ ಕಚೇರಿಯ ಬಾಂಡು, ಸೊಸೈಟಿಯ ಷೇರು; ಕೊಟ್ಟ ಕೈಸಾಲ, ತಂದ ಕೈಸಾಲ; ಲಾಕರಿನ ಕೀಲಿ ಎಲ್ಲಿದೆ. ಪಿನ್ನು, ಪಾಸ್‌ವರ್ಡು ಅದರಲ್ಲಿ ಬೇಡ. ಮೇಲೆ ತಾರೀಖು ಹಾಕಿ, ಠೇವಣಿ ನವೀಕರಿಸಿದಾಗಲೆಲ್ಲ ಹೊಸದಾಗಿ ಬರೆದು, ಮುಯ್ಯಿ ಪುಸ್ತಕ ಇರುವ ಅದೇ ಟ್ರಂಕಿನಲ್ಲಿಟ್ಟು, ಎಲ್ಲಿಟ್ಟಿದೆ ಎಂದು ಮನೆಯ ಇಬ್ಬರಿಗಾದರೂ ಹೇಳಿರಬೇಕು.